ತಿಳಿಯದೆ ತೆಗೆದುಕೊಂಡ ಬನ್ನಿ

ಸಿಂದಗಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ನಾನು ಕೊಡೆ ಬಿಚ್ಚಿದೆ. ಕಣ್ಣು ಕುಕ್ಕುವ ಬಿಸಿಲು. ಕೊಡೆ ಬಿಚ್ಚುವುದೊಂದೇ ನನಗೆ ಗೊತ್ತಿದ್ದ ಉಪಾಯ. ನಮ್ಮ ಕಡೆ ಎತ್ತ ನೋಡಿದರೂ ಒಂದು ತೆಂಗೋ ಹಲಸೋ ನೋಟಕ್ಕೆ ಅಡ್ಡ ಬರುತ್ತದೆ. ಇಲ್ಲಿ ಏನೂ ಅಡ್ಡ ಬರಲಿಲ್ಲ. ಕಪ್ಪು ನೆಲ ಆಕಾಶದವರೆಗೂ ಹೋಗಿತ್ತು, ಆ ನೆಲದ ಮೇಲೆ ನಾನೊಬ್ಬಳೇ ಬತ್ತಲೆ ನಿಂತ ಹಾಗೆ ನಾಚಿಕೆಯಾಯಿತು. ಒಬ್ಬ ಟಾಂಗಾದವನು ಕುದುರೆಗೆ ಮೇವು ಹಾಕುತ್ತ ನನ್ನನ್ನು ನೋಡಿ, "ಬಾಯಾರ, ಮಳಿ ಎಲ್ಲಿ ಬಂತ್ರಿ?" ಎಂದು ಕೂಗಿದ. ಅಲ್ಲಿದ್ದವರೆಲ್ಲ ನಕ್ಕರು. ನಾನು ಕೊಡೆ ಮಡಚಲಿಲ್ಲ. ನಗುವವರು ನಗಲಿ, ನಾನು ಬಂದ ಕೆಲಸ ಬೇರೆ ಇತ್ತು.

ಕರಾವಳಿಯ ನನ್ನ ಊರಿನ ಓದುಗರೇ, ಸರಕಾರಿ ದಾದಿಯರಿಗೆ ಬಿಜಾಪುರ ಜಿಲ್ಲೆಗೆ ವರ್ಗವೆಂದರೆ ಮನೆಯಲ್ಲಿ ಅಳು ಶುರುವಾಗುವುದು ನಿಮಗೆ ಗೊತ್ತು. ನನಗೆ ಆರ್ಡರು ಬಂದಾಗ ನೀವೂ ಬಂದು ನಮ್ಮ ಜಗಲಿಯಲ್ಲಿ ಕೂತು, "ಪಾಪ ಲೀಡಿಯ, ತಂದೆಯಿಲ್ಲದ ಹುಡುಗಿ" ಎಂದು ಲೊಚಗುಟ್ಟಿದಿರಿ. ಆ ಊರನ್ನು ನಾನೇ ಕೇಳಿ ಬರೆಸಿಕೊಂಡಿದ್ದೆ ಎಂದು ನಿಮಗೆ ಹೇಳಲಿಲ್ಲ. ನೀವು ತಂದ ಹಲ್ವ ತಿಂದು ತಲೆ ತಗ್ಗಿಸಿ ಕೂತೆ, ಅಷ್ಟೇ. ಒಳಗೊಳಗೇ ಹಿಗ್ಗುತ್ತಿದ್ದೆ. ಸಿಂದಗಿಯಲ್ಲಿ ಏಸಾಯ ಇದ್ದ.

ಏಸಾಯ ಯಾರೆಂದು ಮರೆತವರಿಗಾಗಿ ಹೇಳುತ್ತೇನೆ. ನಮ್ಮ ದೇವಾಲಯದಲ್ಲಿ ಅಪ್ಪ ಗಂಟೆ ಹೊಡೆಯುವವರಾಗಿದ್ದಾಗ ಅಲ್ಲಿಗೆ ಉಪದೇಶಿಯಾಗಿ ಬಂದ ಹುಡುಗ. ಕರ್ತನ ಭೋಜನದಲ್ಲಿ ರೊಟ್ಟಿಯೊಡನೆ ಎಲ್ಲರಿಗೂ ಕೊಡುವ ದ್ರಾಕ್ಷಾರಸದ ಬಾಟಲಿ ಅಪ್ಪನ ಸುಪರ್ದಿನಲ್ಲಿರುತ್ತಿತ್ತು. ಒಂದು ಶನಿವಾರ ಏಸಾಯ ಅದನ್ನು ಕೈಜಾರಿಸಿ ಒಡೆದ. ಅಪ್ಪ ಗಾಜು ಆಯ್ದು, ಹೊದ್ದ ಪಂಚೆಯಲ್ಲೇ ನೆಲ ಒರೆಸಿದರು. ಭಾನುವಾರ ಬಾಟಲಿ ಇಲ್ಲ, ಅಪ್ಪನ ಪಂಚೆಯಲ್ಲಿ ವಾಸನೆ. ಹಿರಿಯರು ಕೇಳಿದಾಗ ಏಸಾಯ, "ಯಾಕೋಬಣ್ಣ ಕುಡಿದರು" ಎಂದ. ಅಪ್ಪ ಬಾಯಿ ಬಿಡಲಿಲ್ಲ. "ಚಿಕ್ಕ ಹುಡುಗ, ಹೆದರಿದ್ದಾನೆ. ನಾಳೆ ತಾನೇ ಹೇಳುತ್ತಾನೆ" ಎಂದು ಮನೆಯಲ್ಲಿ ನಮಗೆ ಹೇಳಿದರು. ಅವನು ಹೇಳಲಿಲ್ಲ. ನೀವು ಅಪ್ಪನನ್ನು ಭೋಜನದಿಂದ ಹೊರಗಿಟ್ಟಿರಿ. ಮುಂದಿನ ಮಳೆಗಾಲದಲ್ಲಿ ಅವರು ಹಾಗೆಯೇ ತೀರಿಕೊಂಡರು. ಬೋಧಕರು ಮಣ್ಣಿಗೆ ಬರಲಿಲ್ಲ, ಸ್ಮಶಾನದ ಗೋಡೆಯ ಹೊರಗೆ ಕೆಸರಿನಲ್ಲಿ ನಾವೇ ಹೂಳಿದೆವು. ಏಸಾಯ ಬಡ್ತಿ ಪಡೆದು, ಬೋಧಕನಾಗಿ ಬಡಗಣ ಕಡೆಗೆ ಹೋದ. ಎಷ್ಟೋ ವರ್ಷದ ಮೇಲೆ ನಾನು ಅವನ ಬೆನ್ನು ಹತ್ತಿ ಬಂದೆ.

ಇರಲು ಸಿಕ್ಕಿದ್ದು ಮರಿಯವ್ವನ ಅಂಗಳದ ಪಕ್ಕದ ಕೋಣೆ. ಮರಿಯವ್ವ ವಿಧವೆ, ಮನಗೂಳಿಯಲ್ಲಿ ಹುಟ್ಟಿದವಳು, ನಡುವಯಸ್ಸಿನಲ್ಲಿ ದೀಕ್ಷಾಸ್ನಾನ ಪಡೆದವಳು. ಅದಕ್ಕೂ ಮೊದಲು ಅವಳ ಹೆಸರು ದುರಗವ್ವ. ಎರಡೂ ಹೆಸರಿಗೆ ಓಗೊಡುತ್ತಾಳೆ. ಇಲ್ಲಿಯ ಮನೆಗಳಿಗೆ ಇಳಿಜಾರಿನ ಹಂಚಿಲ್ಲ. ಮಣ್ಣು ಮೆತ್ತಿದ ಚಪ್ಪಟೆ ಮಾಳಿಗೆ, ನಡುವೆ ಬೆಳಕು ಬೀಳಲು ಒಂದು ಕಿಂಡಿ. ಅದಕ್ಕೆ ಬೆಳಕಿಂಡಿ ಎನ್ನುತ್ತಾರೆ. ಕಿಟಕಿ ಎಲ್ಲಿ ಎಂದು ನಾನು ಕೇಳಿದಾಗ ಮರಿಯವ್ವ, "ಕಿಡಕಿ ಯಾಕ ಬೇಕವ್ವಾ, ಮಂದಿ ಹಣಿಕಿ ಹಾಕಾಕೇನು?" ಎಂದಳು. ಬಾವಿಯ ನೀರು ಸವಳು. ಅನ್ನ ಮಾಡಿದರೂ ಉಪ್ಪು, ಚಹ ಮಾಡಿದರೂ ಉಪ್ಪು. ಕುಚ್ಚಲಕ್ಕಿ ಇಲ್ಲಿ ಯಾರೂ ಕಂಡಿಲ್ಲ. ಮೀನಿನ ಮಾತಂತೂ ಕೇಳಲೇಬೇಡಿ.

ಇಲ್ಲಿಯ ಮಾತಿಗೆ ನಾನು ಮೊದಲು ಬೆಚ್ಚುತ್ತಿದ್ದೆ. ನಮ್ಮಲ್ಲಿ ಒಬ್ಬರನ್ನು ಒಳಗೆ ಕರೆಯಬೇಕಾದರೆ ಹತ್ತು ಸಲ ನಯವಾಗಿ ಹೇಳುತ್ತೇವೆ, ಅವರು ಬರಬಾರದು ಎಂದು ಮನಸ್ಸಿನಲ್ಲಿ ಬಯಸುತ್ತಿರುತ್ತೇವೆ. ಇಲ್ಲಿ "ಏನ್ ನಿಂತಿ ಹಂಗ? ಒಳಗ ಬಂದ ಉಣ್ಣ" ಎಂದು ಗದರುತ್ತಾರೆ. ಗದರಿಕೆಯಲ್ಲ ಅದು, ಕರೆಯುವ ರೀತಿ. ಆಸ್ಪತ್ರೆಯಲ್ಲಿ ಬಾಣಂತಿಯರು ನನ್ನ ತೋಳು ಹಿಡಿದು, "ಬಾಯಾರ, ಲಗ್ನ ಯಾಕ ಆಗಿಲ್ರಿ?" ಎಂದು ಮುಖಕ್ಕೇ ಕೇಳುತ್ತಿದ್ದರು. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟ ಹೊಸತು ಅದು. ಎಲ್ಲರೂ ಒಂದೇ ಎಂದು ರೇಡಿಯೋ ಹೇಳುತ್ತಿತ್ತು. ನನಗೆ ಮಾತ್ರ ನಾನು ಬೇರೆ ದೇಶಕ್ಕೇ ಬಂದ ಹಾಗಿತ್ತು. ಮೊದಲ ತಿಂಗಳುಗಳಲ್ಲಿ ತುಳುವಿನಲ್ಲಿ ಮಾತಾಡಲು ಒಬ್ಬರೂ ಇರಲಿಲ್ಲ. ಇದ್ದವನೊಬ್ಬನೇ, ಅವನೊಡನೆ ನಾನು ಮಾತಾಡುತ್ತಿರಲಿಲ್ಲ.

ಏಸಾಯ ದಪ್ಪಗಾಗಿರಬಹುದು, ಸುಖವಾಗಿರಬಹುದು ಎಂದುಕೊಂಡು ಬಂದಿದ್ದೆ. ಹಾಗಿದ್ದರೆ ನನಗೆ ಅನುಕೂಲವಿತ್ತು. ನೋಡಿದರೆ ಒಣಗಿ ಕಡ್ಡಿಯಾಗಿದ್ದ, ಆ ವಯಸ್ಸಿಗೇ ಕೂದಲು ಬೆಳ್ಳಗಾಗಿತ್ತು. ಮದುವೆಯಾಗಿರಲಿಲ್ಲ. ಒಂದು ವಾರ ಇಂಡಿ, ಒಂದು ವಾರ ಮುದ್ದೇಬಿಹಾಳ, ಇನ್ನೊಂದು ವಾರ ಬಸವನ ಬಾಗೇವಾಡಿ ಎಂದು ಬಸ್ಸಿನಲ್ಲಿ ಧೂಳು ಕುಡಿಯುತ್ತ ತಿರುಗಿ, ಒಂದೊಂದು ಊರಿನಲ್ಲಿ ಇರುವ ಎರಡು ಮೂರು ಮನೆಗಳಿಗೆ ಆರಾಧನೆ ನಡೆಸುತ್ತಿದ್ದ. ತಿಂಗಳ ಕೊನೆಯ ಭಾನುವಾರ ಎಲ್ಲರೂ ಸಿಂದಗಿಯಲ್ಲಿ ಒಂದೇ ಕೋಣೆಯಲ್ಲಿ ಕೂಡುತ್ತಿದ್ದರು. ಆ ದಿನ ಕರ್ತನ ಭೋಜನ. ಮೊದಲ ಸಲ ನನ್ನನ್ನು ಬಾಗಿಲಲ್ಲಿ ಕಂಡಾಗ ಅವನು ಓದಿದ ಸಾಲನ್ನೇ ಇನ್ನೊಮ್ಮೆ ಓದಿದ. ನನಗೆ ಹಬ್ಬವಾಯಿತು.

ನಮ್ಮಲ್ಲಿ ಭೋಜನಕ್ಕೆ ಬೇಕರಿಯ ರೊಟ್ಟಿ, ಬೆಳ್ಳಿಯ ಪಾತ್ರೆ. ಇಲ್ಲಿ ಬೇಕರಿ ಇಲ್ಲ. ಮರಿಯವ್ವ ಮನೆಯಲ್ಲಿ ಬಡಿದ ಜೋಳದ ರೊಟ್ಟಿಯನ್ನೇ ಮುರಿಯುತ್ತಾರೆ. ಚಡಚಣದ ಕಡೆಯಿಂದ ತಂದ ಒಣದ್ರಾಕ್ಷಿಯನ್ನು ಹಿಂದಿನ ದಿನ ನೀರಿನಲ್ಲಿ ನೆನೆಸಿ ಕಿವುಚಿ ಇಟ್ಟಿರುತ್ತಾರೆ. ಅದೇ ರಸ. ಇನ್ನೊಂದು ಪದ್ಧತಿ ನನ್ನನ್ನು ಬೆಚ್ಚಿಬೀಳಿಸಿತು. ರೊಟ್ಟಿ ಮುರಿಯುವ ಮೊದಲು ಬೋಧಕ, "ಯಾರಿಗರ ಯಾರ ಮ್ಯಾಲರ ಮುನಿಸು ಐತೇನ್ರಿ?" ಎಂದು ಕೇಳುತ್ತಾನೆ. ನಮ್ಮಲ್ಲಿಯೂ ಪುಸ್ತಕದಿಂದ ಇಂಥದೇನೋ ಓದುತ್ತಾರಲ್ಲ, ನಾವು ಕೆಮ್ಮಿ ಸುಮ್ಮನಿರುತ್ತೇವಲ್ಲ? ಇಲ್ಲಿ ಕೇಳಿದ ಮೇಲೆ ಉತ್ತರಕ್ಕೆ ಕಾಯುತ್ತಾರೆ. ಒಬ್ಬರು ಐತಿ ಎಂದರೂ ಆ ತಿಂಗಳು ಯಾರೂ ಉಣ್ಣುವ ಹಾಗಿಲ್ಲ. ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟು, ಹಾಡಿ, ಮನೆಗೆ ಹೋಗುತ್ತಾರೆ. ಮುಂದಿನ ತಿಂಗಳೊಳಗೆ ಇಬ್ಬರೂ ಸರಿಹೋಗಬೇಕು.

ಇಷ್ಟು ದೂರ ಬಂದವಳಿಗೆ ಆಯುಧವನ್ನು ಅವರೇ ಕೈಗೆ ಕೊಟ್ಟಿದ್ದರು. ನಾನು ಎದ್ದು ನಿಂತು, "ಇದೆ. ನಿಮ್ಮ ಮೇಲೆಯೇ ಇದೆ" ಎಂದೆ.

ಯಾಕೆ ಎಂದು ಯಾರೋ ಕೇಳಿದರು. "ಅವರೇ ಹೇಳಲಿ" ಎಂದೆ. ಅಪ್ಪ ಕಾದದ್ದು ಅದಕ್ಕೇ. ನಾನೇ ಹೇಳಿಬಿಟ್ಟರೆ ಅವನು ತಲೆ ತಗ್ಗಿಸಿ ಹೌದು ಎಂದು ಪಾರಾಗುತ್ತಿದ್ದ. ಅವನ ಬಾಯಿಂದ, ಜನರ ಮುಂದೆ, ಯಾರೂ ಎತ್ತಿಕೊಡದೆ ಅದು ಹೊರಬರಬೇಕಿತ್ತು. ಆಮೇಲೆ ಈ ಜನ ಅವನನ್ನು ಊರು ಬಿಡಿಸಬೇಕಿತ್ತು. ಏಸಾಯ ಬಟ್ಟೆಗೆ ಕೈ ಹಾಕಿದ. ರೊಟ್ಟಿ ಬಟ್ಟೆಯೊಳಗೆ ಹೋಯಿತು.

ಮುಂದಿನ ತಿಂಗಳೂ ಅಷ್ಟೇ. ಅದರ ಮುಂದಿನ ತಿಂಗಳೂ. ಬೇಸಗೆ ಕಳೆಯಿತು, ಬಿತ್ತನೆ ಮುಗಿಯಿತು. ಬಾಗೇವಾಡಿಯ ಸಾಲಿ ಮಾಸ್ತರರು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬಂದು ಬರಿಗೈಲಿ ಹೋಗುತ್ತಿದ್ದರು. ಅವರು ಬೋಧಕನ ಮೇಲೆ ರೇಗುತ್ತಾರೆಂದು ನಾನು ಕಾದೆ. ನನ್ನ ಮೇಲೆ ರೇಗಿದರೂ ಸರಿಯಿತ್ತು. ಅವರು ಯಾರ ಮೇಲೂ ರೇಗಲಿಲ್ಲ. ಒಮ್ಮೆ ತಡೆಯಲಾರದೆ ನಾನೇ ಮಾಸ್ತರರನ್ನು ಕೇಳಿದೆ, "ನಿಮಗೆ ಸಿಟ್ಟು ಬರುವುದಿಲ್ಲವೇ?"

"ಬರ್ತೈತ್ರಿ, ಯಾಕ ಬರೂದಿಲ್ಲ? ಬಸ್ಸಿನ್ಯಾಗ ಸಣ್ಣ ಹುಡುಗ್ರು ವಾಂತಿ ಮಾಡ್ಕೋತಾವ. ಆದ್ರ ನಿಮ್ಮನ್ನ ಹೊರಗ ಬಿಟ್ಟ ನಾವಷ್ಟ ಹೆಂಗ ಉಣ್ಣೂದ್ರಿ?" ಎಂದರು.

ನಿಮ್ಮ ನೆನಪಾಯಿತು. ಅಪ್ಪನನ್ನು ಹೊರಗೆ ನಿಲ್ಲಿಸಿ ನೀವೆಲ್ಲ ಸಾಲಾಗಿ ಹೋಗಿ ಉಂಡಿರಿ. ಬಾಯಿ ಒರೆಸಿಕೊಂಡು ಹೊರಗೆ ಬಂದು, "ಏನು ಯಾಕೋಬಣ್ಣ, ಮಳೆ ಬರುವ ಹಾಗಿದೆ" ಎಂದಿರಿ. ಆ ದಿನ ನಾನು ಅಪ್ಪನ ಪಕ್ಕದಲ್ಲಿ ನಿಂತು ಒಬ್ಬೊಬ್ಬರ ಮುಖವನ್ನೂ ಗುರುತಿಟ್ಟುಕೊಂಡಿದ್ದೇನೆ.

ಹೀಗೆ ನಡೆದಿರುವಾಗ ದಸರೆ ಬಂತು.

ಇಲ್ಲಿಯ ದಸರೆಯ ಕೊನೆಯ ದಿನ ಸಂಜೆ ಊರಿಗೆ ಊರೇ ಬನ್ನಿ ಮರದ ಎಲೆ ಹಿಡಿದು ತಿರುಗುತ್ತದೆ. ಹುಣಸೆಯ ಹಾಗೆ ಪುಟ್ಟ ಪುಟ್ಟ ಎಲೆ. ಒಬ್ಬರು ಇನ್ನೊಬ್ಬರಿಗೆ ಕೊಟ್ಟು, "ಬನ್ನಿ ತಗೊಂಡ ಬಂಗಾರದಂಗ ಇರೂಣು" ಎನ್ನುತ್ತಾರೆ. ಕಿರಿಯರು ಹಿರಿಯರ ಕಾಲು ಮುಟ್ಟುತ್ತಾರೆ. ಆಸ್ಪತ್ರೆಯ ಪಡಸಾಲೆಯಲ್ಲಿ ಆ ಸಂಜೆ ಡಾಕ್ಟರರು ಕೊಟ್ಟರು, ಮುಸಲ್ಮಾನ ಕಂಪೌಂಡರು ಕೊಟ್ಟರು, ಕಾಲು ಮುರಿದುಕೊಂಡು ಮಲಗಿದ್ದವನು ಮಂಚದಿಂದಲೇ ಕೈ ಚಾಚಿ ಕೊಟ್ಟ. ನಮ್ಮ ಕ್ರಿಸ್ಮಸ್ಸಿಗೆ ಮನೆಮನೆಗೆ ಕುಸ್ವಾರ್ ತಿಂಡಿ ಹಂಚುವುದಿಲ್ಲವೇ, ಹಾಗೆಯೇ ಇದೂ ಒಂದು ಹಬ್ಬದ ಸಂಭ್ರಮವೆಂದುಕೊಂಡೆ. ತೆಗೆದುಕೊಂಡೆ, ಕೊಟ್ಟೆ, ಆ ಮಾತನ್ನೂ ಕಲಿತು ಒಪ್ಪಿಸಿದೆ. ಸುತ್ತ ಜನ ತುಂಬಿದ್ದರು. ಆ ಗದ್ದಲದಲ್ಲಿ ಇನ್ನೊಂದು ಕೈ ನನ್ನ ಮುಂದೆ ಬಂತು. ತಲೆ ಎತ್ತಿದರೆ ಏಸಾಯ.

ಕ್ರೈಸ್ತ ಬೋಧಕನೊಬ್ಬ ಬನ್ನಿ ಹಂಚುತ್ತಾನೆಂದರೆ ನಮ್ಮ ಸಭಾ ಹಿರಿಯರು ವಿಚಾರಣೆ ಕರೆಯುತ್ತಿದ್ದರು. ಇಲ್ಲಿ ಯಾರಿಗೂ ಅದು ವಿಶೇಷವಾಗಿರಲಿಲ್ಲ. ಡಾಕ್ಟರರ ಎದುರು ರಂಪ ಬೇಡವೆಂದು ನಾನು ಎಲೆ ತೆಗೆದುಕೊಂಡೆ. ಕೈಯಲ್ಲಿದ್ದ ಇನ್ನೊಂದನ್ನು ಅವನಿಗೆ ಕೊಟ್ಟೆ. ಬಾಯಿಪಾಠವಾಗಿದ್ದ ಮಾತನ್ನೂ ಅಂದೆ. ಬಾಗಿಲಲ್ಲಿ ನಿಂತಿದ್ದ ಮರಿಯವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಳಲು ಏನಾಯಿತು ಇವಳಿಗೆ ಎಂದುಕೊಂಡು ನಾನು ಥರ್ಮಾಮೀಟರು ತರಲು ಒಳಗೆ ಹೋದೆ.

ಆ ತಿಂಗಳ ಕೊನೆಯ ಭಾನುವಾರ ಕೋಣೆ ತುಂಬಿ ಹೊರಗೂ ಜನ ಕೂತಿದ್ದರು. ಮುದ್ದೇಬಿಹಾಳದಿಂದ, ಇಂಡಿಯಿಂದ, ಎಂದೂ ಬರದ ಮುದುಕರೂ ಬಂದಿದ್ದರು. ಮಕ್ಕಳು ತೊಳೆದ ಅಂಗಿ ತೊಟ್ಟಿದ್ದರು. ಏಸಾಯ ಹಾಡು ಮುಗಿಸಿ, ಪ್ರಾರ್ಥನೆ ಮುಗಿಸಿ, ನೇರವಾಗಿ ರೊಟ್ಟಿಗೆ ಕೈ ಹಾಕಿದ.

"ನೀವು ಕೇಳಲಿಲ್ಲ" ಎಂದೆ ನಾನು.

ಎಲ್ಲರೂ ತಿರುಗಿ ನೋಡಿದರು. ಪಕ್ಕದಲ್ಲಿದ್ದ ಮರಿಯವ್ವ ನನ್ನ ಸೀರೆ ಜಗ್ಗಿದಳು. "ಇನ್ನೇನ ಕೇಳೂದವ್ವಾ? ಬನ್ನಿ ತಗೊಂಡಿಲ್ಲ ನೀ?"

"ಎಲೆ ತಗೊಂಡೆ. ಅದಕ್ಕೇನೀಗ?"

"ಬನ್ನಿ ತಗೊಂಡ್ರ ಜಗಳ ಮುಗಿದಂಗ. ಮುನಿಸು ಇದ್ದವ್ರು ಅವತ್ತ ಬನ್ನಿ ಕೊಟ್ಟ ಒಂದಾಗ್ತಾರ. ಊರ ಮಂದಿ ಎದುರಿಗೆ ತಗೊಂಡಿ, ತಿರುಗಿ ಕೊಟ್ಟಿ. ಇಲ್ಲಿ ಸಣ್ಣ ಹುಡುಗ್ರಿಗೂ ಅದು ಗೊತ್ತೈತಿ."

ಅಷ್ಟು ವರ್ಷ ಕಾಪಾಡಿಕೊಂಡು ಬಂದದ್ದನ್ನು ನಾನು ಥರ್ಮಾಮೀಟರು ಹುಡುಕುವ ಅವಸರದಲ್ಲಿ ಕೊಟ್ಟುಬಿಟ್ಟಿದ್ದೆ. ಕೊಟ್ಟದ್ದು ಯಾರಿಗೆ? ಅವನಿಗೆ ಈ ಪದ್ಧತಿ ಚೆನ್ನಾಗಿ ಗೊತ್ತಿತ್ತು. ಹೇಡಿ, ಅಂದು ಅಪ್ಪನ ಮೌನದ ಹಿಂದೆ ಅಡಗಿದವನು ಈಗ ಒಂದು ಎಲೆಯ ಹಿಂದೆ ಅಡಗಿದ್ದ. "ನನಗೆ ಗೊತ್ತಿರಲಿಲ್ಲ!" ಎಂದು ಕಿರುಚಿದೆ. "ತಿಳಿಯದೆ ತೆಗೆದುಕೊಂಡದ್ದು ಲೆಕ್ಕಕ್ಕಿಲ್ಲ!"

ಮರಿಯವ್ವನಿಗೆ ಸಿಟ್ಟು ಬಂದದ್ದನ್ನು ನಾನು ಅಂದೇ ಮೊದಲು ಕಂಡದ್ದು. "ತಿಳದ ತಗೋಬೇಕಂತ ಯಾರ ಹೇಳ್ಯಾರ ನಿನಗ? ನಾ ನೀರಾಗ ಇಳದಾಗ ನನಗೇನ ತಿಳದಿತ್ತ? ದೇವರು ಕೊಡಾಕತ್ತಾನ ಅಂದ್ರು, ಕೈ ಒಡ್ಡಿದೆ. ಏನ ಕೊಟ್ಟಾನ ಅನ್ನೂದು ಇನ್ನೂ ಪೂರಾ ತಿಳದಿಲ್ಲ. ಹಂಗಂತ ತಿರುಗಿ ಕೊಡ್ಲೇನು?"

ಕೃಪೆ ಎಂಬ ಮಾತನ್ನು ನಾನು ತೊಟ್ಟಿಲಿನಿಂದ ಕೇಳಿದವಳು, ಭಾನುವಾರದ ಶಾಲೆಯಲ್ಲಿ ಅದರ ಅರ್ಥ ಒಪ್ಪಿಸಿ ಬಹುಮಾನ ಗೆದ್ದವಳು. ಆ ಮುದುಕಿ ಹೇಳಿದ್ದು ಅದನ್ನೇ ಎಂದು ನನಗೆ ತಿಳಿಯಿತು. ಆದರೂ ಕೂರಲಿಲ್ಲ. ಕೂತರೆ ಅಪ್ಪನನ್ನು ಇನ್ನೊಮ್ಮೆ ಹೂತ ಹಾಗೆ ಎನ್ನಿಸಿತು.

ಆಗ ಏಸಾಯ ರೊಟ್ಟಿಯನ್ನು ಕೆಳಗಿಟ್ಟ. "ಲೀಡಿಯ ಹೇಳುವುದು ಸರಿ" ಎಂದ, ನಮ್ಮ ಕರಾವಳಿಯ ಕನ್ನಡದಲ್ಲಿ. "ಬನ್ನಿ ಕೊಟ್ಟದ್ದು ಹೆದರಿಕೆಯಿಂದ. ಅವಳು ತೆಗೆದುಕೊಳ್ಳುತ್ತಾಳೆಂದು ನಂಬಿಕೆ ಇರಲಿಲ್ಲ. ತೆಗೆದುಕೊಂಡಳು, ಅವತ್ತಿನಿಂದ ನಾನು ನಿದ್ದೆ ಮಾಡಿಲ್ಲ." ಆಮೇಲೆ ಹೇಳಿದ. ಬಾಟಲಿ ತನ್ನ ಕೈಯಿಂದ ಬಿದ್ದದ್ದು, ಯಾಕೋಬಣ್ಣ ನೆಲ ಒರೆಸಿದ್ದು, ತಾನು ಸುಳ್ಳು ಹೇಳಿದ್ದು, ಮರುದಿನ ಹೇಳೋಣ ಎಂದು ಮುಂದೂಡಿದ್ದು, ಹೇಳುವಷ್ಟರಲ್ಲಿ ಯಾಕೋಬಣ್ಣ ಇಲ್ಲವಾದದ್ದು. ಒಂದನ್ನೂ ಬಿಡಲಿಲ್ಲ. ನಾನು ಕಾದಿದ್ದ ಮಾತುಗಳೆಲ್ಲ ಬಂದವು.

ಇನ್ನು ಜನ ಏಳುತ್ತಾರೆ, ಇವನ ಅಂಗಿ ಹಿಡಿಯುತ್ತಾರೆ ಎಂದು ನಾನು ನೋಡಿದೆ. ಮಾಸ್ತರರು ಗಲ್ಲ ಕೆರೆದುಕೊಂಡು, "ಬಾಟ್ಲಿ ಒಡೀತು. ಇಷ್ಟ ಏನ್ರಿ?" ಎಂದರು. ಅವರ ಕುತ್ತಿಗೆ ಹಿಸುಕುವಷ್ಟು ಸಿಟ್ಟು ಬಂತು ನನಗೆ. ಇಷ್ಟೇ ಅಂತೆ!

ಮರಿಯವ್ವ ಮಾತ್ರ ನನ್ನ ಮುಖ ನೋಡುತ್ತಿದ್ದಳು. "ಆಮ್ಯಾಲ ನಿಮ್ಮಪ್ಪ ಉಂಡನೇನು?"

"ಏನು?"

"ಇದನ್ನ. ಕರ್ತನ ಊಟಾನ. ಸಾಯೂತನಕ ಮತ್ತ ಕೊಟ್ರೇನು ಅವಗ?"

"ಇಲ್ಲ" ಎಂದೆ.

ಸುಳ್ಳು, ಬಾಟಲಿ, ವಿಚಾರಣೆ ಯಾವುದೂ ಅವರಿಗೆ ತಟ್ಟಿರಲಿಲ್ಲ. ಇದು ತಟ್ಟಿತು. "ಉಣ್ಣಾಕ ಕೊಡಲಿಲ್ಲಾ?" ಎಂದು ಹಿಂದಿನಿಂದ ಯಾರೋ ಹೆಂಗಸು ಅಂದಳು. "ಸಾಯೂ ಮನಶ್ಯಾಗ?" ಮಾಸ್ತರರು ತಲೆಯ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದರು. ಮರಿಯವ್ವ ಎದ್ದು ಮುಂದೆ ಹೋಗಿ, ಬೋಧಕನ ಮುಂದಿದ್ದ ರೊಟ್ಟಿಯಿಂದ ತಾನೇ ಒಂದು ಚೂರು ಮುರಿದು ಅವನ ಕೈಗಿಟ್ಟಳು.

"ಇದು ಯಾಕೋಬಪ್ಪನ ಪಾಲು. ಅವನ ಹೆಸರ ಹೇಳಿ ಕೊಡ್ರಿ ಅಯ್ನೋರ."

ಸತ್ತವರಿಗೆ ಭೋಜನವಿಲ್ಲ, ಪುಸ್ತಕದಲ್ಲಿ ಹಾಗೆ ಎಲ್ಲಿಯೂ ಇಲ್ಲ. ಏಸಾಯನಿಗೆ ಅದು ಗೊತ್ತು, ನನಗೂ ಗೊತ್ತು. ಇಲ್ಲಿಯ ಜನಕ್ಕೆ ಮನೆಯ ಹಿರಿಯರಿಗೆ ಎಡೆ ಇಟ್ಟೇ ಅಭ್ಯಾಸ. ಏಸಾಯ ಆ ಚೂರನ್ನು ಹಿಡಿದು, "ಯಾಕೋಬ" ಎಂದ. ಬಿಕ್ಕಿದ. ಆಮೇಲೆ ಸಾವರಿಸಿಕೊಂಡು, "ಯಾಕೋಬಣ್ಣ, ಇದು ನಿಮಗಾಗಿ ಮುರಿಯಲ್ಪಟ್ಟ ನನ್ನ ದೇಹ ಎಂದು ಕರ್ತನು ಹೇಳುತ್ತಾನೆ" ಎಂದು ಪೂರ್ತಿ ಹೇಳಿದ.

"ನೀ ತಿನ್ನವ್ವಾ" ಎಂದಳು ಮರಿಯವ್ವ. "ಮಗಳಲ್ಲೇನು ನೀ."

ನಾನು ಹೋಗಿ ಅವನ ಕೈಯಿಂದ ಅಪ್ಪನ ಪಾಲು ತಿಂದೆ. ಆಮೇಲೆ ನನ್ನ ಪಾಲು ತಿಂದೆ. ಜೋಳದ ರೊಟ್ಟಿ ಬೇಗ ಕರಗುವುದಿಲ್ಲ, ಅಗಿಯಬೇಕು. ಅಗಿಯುತ್ತ ಗೊಳೋ ಎಂದು ಅತ್ತೆ. ಹಿಂದೆ ಎಲ್ಲರೂ ಸಾಲಾಗಿ ಬಂದರು.

ಅಂದು ನನಗಾದ ಸಂತೋಷವನ್ನು ಹೇಗೆ ಹೇಳಲಿ? ಸೇಡು ತೀರಿದರೆ ಹೇಗಿರುತ್ತದೆ ಎಂದು ವರ್ಷಗಟ್ಟಲೆ ಕಲ್ಪಿಸಿಕೊಂಡಿದ್ದೆ, ಅದು ಹೀಗಿರಲಿಲ್ಲ. ನನ್ನ ಪಾಲಿಗೆ ನಾನು ಗಳಿಸಿದ್ದೇನೂ ಅದರಲ್ಲಿರಲಿಲ್ಲ. ನಾನು ತಂದದ್ದು ಬರೀ ವಿಷ. ಆ ಜನ ಎಂದೂ ಕಾಣದ ಒಬ್ಬ ಗಂಟೆ ಹೊಡೆಯುವವನನ್ನು ಕರೆದು ಸಾಲಿನಲ್ಲಿ ಮೊದಲು ಕೂರಿಸಿದರು. ಹಬ್ಬದ ಸಂತೋಷ ಸಂಜೆಗೆ ಇಳಿಯುತ್ತದೆ. ಇದು ಇಳಿಯಲಿಲ್ಲ. ಮರುದಿನ ಹೆರಿಗೆ ಕೋಣೆಯಲ್ಲಿ ಇತ್ತು, ಉಪ್ಪು ಚಹ ಕುಡಿಯುವಾಗ ಇತ್ತು, ಇದನ್ನು ಬರೆಯುವಾಗಲೂ ಇದೆ. ಇದು ದೇವರದೇ ಕೆಲಸವೆಂದು ಈಗ ಯಾವ ಪುಸ್ತಕವನ್ನೂ ನೋಡದೆ ಹೇಳಬಲ್ಲೆ. ಏಸಾಯನೊಡನೆ ಈಗ ತುಳು ಮಾತಾಡುತ್ತೇನೆ. ಹೆಚ್ಚಾಗಿ ಮೀನಿನ ಸಾರಿನ ವಿಷಯ.

ನಾನು ಸಂತಳಾದೆ ಎಂದು ನೀವು ನಿಟ್ಟುಸಿರು ಬಿಡಬೇಡಿ. ಕಳೆದ ಬೇಸಗೆಯಲ್ಲಿ ರಜೆಯ ಮೇಲೆ ಊರಿಗೆ ಬಂದಿದ್ದೆನಲ್ಲ. ಏಸಾಯ ಬರೆದುಕೊಟ್ಟ ತಪ್ಪೊಪ್ಪಿಗೆಯನ್ನು ಹಿರಿಯರ ಮುಂದಿಟ್ಟೆ. ಓದಿದರು. "ಹಳೇ ವಿಷಯ, ಈಗ ಯಾಕೆ ಕೆದಕುವುದು?" ಎಂದರು. ಕಾಫಿ ಕೊಟ್ಟರು. ಅದೇ ಭಾನುವಾರ ಭೋಜನವಿತ್ತು. ನಾನು ಮುಂದೆ ಬರಲಿಲ್ಲ, ಬೆಂಚಿನಲ್ಲೇ ಕೂತಿದ್ದೆ. ನಿಮ್ಮಲ್ಲಿ ಒಬ್ಬರೂ ಹಿಂತಿರುಗಿ ನೋಡಲಿಲ್ಲ. ಕಾಯುವುದಂತೂ ದೂರ.

ಸಿಂದಗಿಗೆ ವಾಪಸ್ಸು ಬಂದ ತಿಂಗಳು ಏಸಾಯ ಆ ಪ್ರಶ್ನೆ ಕೇಳಿದಾಗ ನಾನು ತೆಪ್ಪಗೆ ಕೂರಬಹುದಿತ್ತು, ನೀವು ಇರುವುದು ಎಷ್ಟೋ ದೂರದಲ್ಲಿ. ಆಗಲಿಲ್ಲ. "ಐತ್ರಿ" ಎಂದೆ. "ನಮ್ಮ ಊರಿನ ಮೇಲೆ." ಅವರು ಒಬ್ಬರ ಮುಖ ಒಬ್ಬರು ನೋಡಿದರು. ಮರಿಯವ್ವ ರೊಟ್ಟಿಯ ಮೇಲೆ ಬಟ್ಟೆ ಮುಚ್ಚಿದಳು. ಆವತ್ತಿನಿಂದ ಈವರೆಗೆ ಇಲ್ಲಿ ಭೋಜನ ನಡೆದಿಲ್ಲ. ನಿಮ್ಮಿಂದಾಗಿ, ನಿಮ್ಮ ಹೆಸರೂ ತಿಳಿಯದ ಈ ಜನ ಬಸ್ಸು ಹತ್ತಿ ಬಂದು ಉಣ್ಣದೆ ಹೋಗುತ್ತಿದ್ದಾರೆ. ನಾನು ಇಲ್ಲಿಯವಳು ಎಂದು ಅವರು ಹೇಳುತ್ತಾರೆ. ಪೂರ್ತಿ ಇಲ್ಲಿಯವಳಾಗಿದ್ದರೆ ನಿಮ್ಮ ಮೇಲೆ ಇಷ್ಟು ಸಿಟ್ಟು ಇರುತ್ತಿರಲಿಲ್ಲ. ಅಲ್ಲಿಯವಳಾಗಿದ್ದರೆ ನಿಮ್ಮ ಹಾಗೆ ಹೇಗೋ ನುಂಗಿ ಬಾಯಿ ಒರೆಸಿಕೊಳ್ಳುತ್ತಿದ್ದೆ.

ನೀವು ಕ್ಷಮೆ ಕೇಳುತ್ತೀರೆಂದು ಕಾದೆ. ಅಪ್ಪ ಏಸಾಯನಿಗಾಗಿ ಕಾದಂತೆಯೇ ಕಾದೆ, ಅದು ಎಲ್ಲಿಗೆ ಮುಟ್ಟಿತೆಂದು ನನಗೆ ಗೊತ್ತಿದೆ. ನಾಳೆ ತಿಂಗಳ ಕೊನೆಯ ಭಾನುವಾರ. ಇಂಡಿಯವರು ಆಗಲೇ ಬಂದು ಮರಿಯವ್ವನ ಅಂಗಳದಲ್ಲಿ ಕೂತಿದ್ದಾರೆ, ಅವರ ಮಕ್ಕಳ ಗದ್ದಲ ಕೇಳಿಸುತ್ತಿದೆ. ಅವರನ್ನು ಇನ್ನು ಉಪವಾಸ ಕಳಿಸಲಾರೆ. ಆದ್ದರಿಂದ ಊರಿನವರೇ, ನಿಮ್ಮನ್ನು ಕ್ಷಮಿಸಿದ್ದೇನೆ. ನೀವು ಕೇಳಿಲ್ಲ, ನಿಮಗೆ ಬೇಕಾಗಿಯೂ ಇಲ್ಲ. ಒಬ್ಬೊಬ್ಬರನ್ನೂ, ಹೆಸರು ಹಿಡಿದು, ಮುಖ ನೆನೆದು ಕ್ಷಮಿಸಿದ್ದೇನೆ. ಇನ್ನು ಈ ಕ್ಷಮೆಯನ್ನು ಏನು ಮಾಡಿದರೂ ನೀವು ನನಗೆ ಹಿಂತಿರುಗಿಸುವ ಹಾಗಿಲ್ಲ.